ಒಂದು ಮಾತಿಗೆ ಐದು ಬಾಗಿಲು: ಇಂಟಿಗ್ರೇಟಿವ್ ಆಪ್ತಸಮಾಲೋಚಕರು ಏನು ಕಲಿತಿರುತ್ತಾರೆ, ಹೇಗೆ ಕೆಲಸ ಮಾಡುತ್ತಾರೆ?

"ಇಷ್ಟು ಹೊತ್ತಿಂದ ನನ್ನ ಗೋಳು ಕೇಳಿ ಕೇಳಿ ನಿಮಗೂ ಬೇಜಾರಾಗಿರಬೇಕು."

ಎದುರಿನ ಕುರ್ಚಿಯಲ್ಲಿ ಕೂತವರು ಹೀಗಂದು ನಗುತ್ತಾರೆ. ಬಾಯಿ ನಗುತ್ತಿದೆ, ಕೈ ಮಾತ್ರ ಚೀಲದ ಜಿಪ್ಪನ್ನು ಎಳೆಯುತ್ತದೆ, ಮುಚ್ಚುತ್ತದೆ, ಮತ್ತೆ ಎಳೆಯುತ್ತದೆ. ವಯಸ್ಸು ಮೂವತ್ತೆಂಟರ ಆಸುಪಾಸು. ಐದಾರು ತಿಂಗಳಿಂದ ನಿದ್ದೆ ಹತ್ತುತ್ತಿಲ್ಲ, ಹಗಲಲ್ಲಿ ಎದೆ ಡವಡವ ಅನ್ನುತ್ತದೆ, ಸಣ್ಣ ಮಾತಿಗೂ ಕಣ್ಣು ತುಂಬುತ್ತದೆ ಎಂದು ಬಂದವರು. ಇದು ನಾಲ್ಕನೇ ಭೇಟಿ. ಐವತ್ತು ನಿಮಿಷದಲ್ಲಿ ಮೂವತ್ತು ಕಳೆದಿದೆ. (ಇವರು ಯಾವೊಬ್ಬ ವ್ಯಕ್ತಿಯೂ ಅಲ್ಲ, ನಾನು ಕಟ್ಟಿಕೊಂಡ ಚಿತ್ರ. ಆ ಕೋಣೆಯಲ್ಲಿ ಕೇಳಿದ್ದು ಆ ಕೋಣೆಯಲ್ಲೇ ಉಳಿಯಬೇಕು.)

ಈಗ ನಾನೇನು ಹೇಳಬೇಕು?

"ಅಯ್ಯೋ, ಹಾಗೇನೂ ಇಲ್ಲ" ಅನ್ನಬಹುದು. ನೆಂಟರು, ಸ್ನೇಹಿತರು ಎಲ್ಲರೂ ಅನ್ನುವ ಮಾತದು. ಅದನ್ನು ಕೇಳಿ ಕೇಳಿ ಅವರಿಗೆ ಅಭ್ಯಾಸವಾಗಿದೆ. ಅದನ್ನು ಬಿಟ್ಟರೆ ಬೇರೆ ದಾರಿಗಳಿವೆ. "ನನಗೆ ಬೇಜಾರಾಗಿದೆ ಅಂತ ನಿಮಗೆ ಯಾವುದರಿಂದ ಅನ್ನಿಸ್ತು?" ಎಂದು ಕೇಳಿ, ಆ ಯೋಚನೆಗೆ ಆಧಾರ ಎಷ್ಟಿದೆ ಎಂದು ಇಬ್ಬರೂ ಸೇರಿ ನೋಡಬಹುದು. "ಇನ್ನೊಬ್ಬರಿಗೆ ಭಾರ ಆಗ್ತಿದ್ದೀನೇನೋ ಅನ್ನೋ ಅಳುಕು ನಿಮಗೆ" ಎಂದು ಮಾತಿನೊಳಗಿನ ಭಾವವನ್ನು ಮೆಲ್ಲಗೆ ಎತ್ತಿ ಅವರ ಮುಂದಿಡಬಹುದು. "ಹೀಗೆ ಬೇರೆ ಯಾರ ಹತ್ತಿರ ಅನ್ನಿಸಿದ್ದುಂಟು? ಮೊಟ್ಟಮೊದಲು ಯಾರ ಹತ್ತಿರ?" ಎಂದು ಹಿಂದಕ್ಕೆ ಹೋಗಬಹುದು. "ನಿಮ್ಮ ಕೈ ಏನು ಮಾಡ್ತಿದೆ ನೋಡಿ, ಅದಕ್ಕೆ ಬಾಯಿ ಇದ್ದಿದ್ರೆ ಏನು ಹೇಳ್ತಿತ್ತು?" ಎಂದು ಜಿಪ್ಪಿನ ಕಡೆ ತಿರುಗಿಸಬಹುದು. ಐದನೆಯ ದಾರಿ ಹೊರಗೆ ಕಾಣಿಸುವುದೇ ಇಲ್ಲ: ಎರಡು ನಿಮಿಷದ ಹಿಂದೆ ನನ್ನ ಗಮನ ನಿಜಕ್ಕೂ ಎಲ್ಲಾದರೂ ಜಾರಿತ್ತೇ, ಜಾರಿದ್ದರೆ ಯಾಕೆ ಎಂದು ನನ್ನೊಳಗೆ ನಾನೇ ಇಣುಕುವುದು.

ಈ ಒಂದೊಂದು ಬಾಗಿಲಿನ ಹಿಂದೆಯೂ ಒಂದೊಂದು ಪಂಥವಿದೆ, ದಶಕಗಳ ದುಡಿಮೆಯಿದೆ. ಇಂಟಿಗ್ರೇಟಿವ್ ಆಪ್ತಸಮಾಲೋಚಕರು, ಅಂದರೆ ಬೇರೆಬೇರೆ ಪಂಥಗಳನ್ನು ಸಮನ್ವಯಗೊಳಿಸಿ ಕೆಲಸ ಮಾಡುವವರು, ಈ ಬಾಗಿಲುಗಳನ್ನೆಲ್ಲ ಬಲ್ಲವರು ಎಂಬುದು ಅರ್ಧ ಸತ್ಯ ಮಾತ್ರ. ಈ ವ್ಯಕ್ತಿಗೆ, ಈ ಹೊತ್ತಿನಲ್ಲಿ, ಇದೇ ಬಾಗಿಲು ಯಾಕೆ ಎಂದು ಹೇಳಬಲ್ಲವರಾದರೆ ಮಾತ್ರ ಆ ಹೆಸರು ಅವರಿಗೆ ಒಪ್ಪುತ್ತದೆ.

ಹಿಂದಕ್ಕೆ ಹೋಗುವ ಬಾಗಿಲನ್ನು ತೆರೆದವರು ಸಿಗ್ಮಂಡ್ ಫ್ರಾಯ್ಡ್. 1895ರಲ್ಲಿ ಜೋಸೆಫ್ ಬ್ರಾಯರ್ ಜೊತೆ ಸೇರಿ ಅವರು ಪ್ರಕಟಿಸಿದ ರೋಗಿಗಳ ವಿವರಗಳಲ್ಲಿ, ಬ್ರಾಯರ್ ನೋಡಿಕೊಳ್ಳುತ್ತಿದ್ದ ಯುವತಿಯೊಬ್ಬಳು ತನಗೆ ಸಿಗುತ್ತಿದ್ದ ಉಪಚಾರವನ್ನು 'ಮಾತಿನ ಚಿಕಿತ್ಸೆ' ಎಂದು ಕರೆದದ್ದು ದಾಖಲಾಗಿದೆ. ಈ ವೃತ್ತಿಗೆ ಅತ್ಯಂತ ಒಪ್ಪುವ ಹೆಸರು ಕೊಟ್ಟದ್ದು ಒಬ್ಬ ರೋಗಿ ಎಂಬುದು ನನಗೆ ಇಂದಿಗೂ ಖುಷಿ ಕೊಡುತ್ತದೆ. ಹಳೆಯ ಸಂಬಂಧಗಳಲ್ಲಿ ಉಳಿದುಹೋದ ಭಾವನೆಗಳು ಚಿಕಿತ್ಸಕರ ಮೇಲೆ ಬಂದು ಕೂರುತ್ತವೆ ಎಂದು ಫ್ರಾಯ್ಡ್ ಗಮನಿಸಿದರು. ನಮ್ಮ ಈ ಮಹಿಳೆ 'ನಿಮಗೆ ಬೇಜಾರಾಗಿರಬೇಕು' ಅಂದಾಗ ಅದು ನನಗೆ ಹೇಳಿದ್ದೋ, ಮೂವತ್ತು ವರ್ಷದ ಹಿಂದೆ ಸುಸ್ತಾಗಿ ಮನೆಗೆ ಬರುತ್ತಿದ್ದ ತಾಯಿಗೆ ಹೇಳಲಾಗದೆ ಉಳಿದದ್ದೋ? ಆ ಪ್ರಶ್ನೆ ಈ ಪರಂಪರೆಯದು.

ಭಾವವನ್ನು ಎತ್ತಿ ಮುಂದಿಡುವ ಬಾಗಿಲು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರದು. ಮನುಷ್ಯ ಬದಲಾಗಬೇಕಾದರೆ ಎದುರಿಗಿರುವವರಲ್ಲಿ ಏನಿರಬೇಕು ಎಂದು 1957ರಲ್ಲಿ ಅವರು ಬರೆದ ಪ್ರಬಂಧವನ್ನು ಇಂದಿಗೂ ಹಲವು ತರಬೇತಿಗಳಲ್ಲಿ ಓದಿಸುತ್ತಾರೆ. ಇನ್ನೊಬ್ಬರ ಲೋಕವನ್ನು ಅವರ ಕಣ್ಣಿನಿಂದಲೇ ಕಾಣುವ ಪರಾನುಭೂತಿ, ಷರತ್ತು ಹಾಕದ ಸ್ವೀಕಾರ, ಮುಖವಾಡವಿಲ್ಲದ ಪ್ರಾಮಾಣಿಕತೆ: ಈ ಮೂರೂ ಕೇಳಲು ಸುಲಭ. ಮೂರನೆಯದು ಇಲ್ಲದಿದ್ದರೆ ಮೊದಲ ಎರಡು ಬರೀ ನಯವಿನಯವಾಗಿಬಿಡುತ್ತವೆ.

ಆಧಾರ ಹುಡುಕುವ ಬಾಗಿಲಿನ ಕಥೆ ಸ್ವಾರಸ್ಯದ್ದು. ಅದನ್ನು ತೆರೆದ ಮನೋವೈದ್ಯ ಏರಾನ್ ಬೆಕ್ ಸ್ವತಃ ಫ್ರಾಯ್ಡ್ ಪರಂಪರೆಯಲ್ಲಿ ತರಬೇತಾದವರು. ಖಿನ್ನತೆ ಎಂದರೆ ಒಳಕ್ಕೆ ತಿರುಗಿದ ಸಿಟ್ಟು ಎಂಬ ಹಳೆಯ ಸಿದ್ಧಾಂತವನ್ನು ಸಾಬೀತು ಮಾಡಲೆಂದು ಖಿನ್ನತೆಯಿದ್ದವರ ಕನಸುಗಳನ್ನು ಪರಿಶೀಲಿಸಹೋದರು. ಅಲ್ಲಿ ಅವರಿಗೆ ಸಿಕ್ಕಿದ್ದು ಸೋಲು, ನಷ್ಟ, ತಿರಸ್ಕಾರ. ಕ್ರಮೇಣ ಅವರ ಗಮನ, ಕ್ಷಣಾರ್ಧದಲ್ಲಿ ತಾನಾಗಿ ಬಂದು ಹೋಗುವ ಯೋಚನೆಗಳ ಕಡೆ ತಿರುಗಿತು. 1960ರ ದಶಕದಲ್ಲಿ ಹೀಗೆ ರೂಪುಗೊಂಡ ಚಿಕಿತ್ಸೆ ವರ್ತನಾ ಚಿಕಿತ್ಸೆಯ ಜೊತೆ ಸೇರಿ ಇಂದು ಸಿಬಿಟಿ (ಯೋಚನೆ ಮತ್ತು ವರ್ತನೆಗಳ ಮೇಲೆ ಕೆಲಸ ಮಾಡುವ ಚಿಕಿತ್ಸೆ) ಎಂದು ಹೆಸರಾಗಿದೆ. ಇನ್ನು ಜಿಪ್ಪಿನ ಮೇಲಿನ ಕೈಯನ್ನು ನೋಡುವುದು ಫ್ರಿಟ್ಸ್ ಪರ್ಲ್ಸ್ ಮತ್ತವರ ಸಂಗಡಿಗರ ಗೆಸ್ಟಾಲ್ಟ್ ಚಿಕಿತ್ಸೆಯಿಂದ, ಅಂದರೆ ಈ ಕ್ಷಣದಲ್ಲಿ ಮೈಮನಸ್ಸಿನಲ್ಲಿ ನಡೆಯುತ್ತಿರುವುದನ್ನು ಗಮನಿಸುವ ಪಂಥದಿಂದ, ಬಂದದ್ದು.

1960ರ ದಶಕದ ನಡುವೆ ತರಬೇತಿಗೆಂದು ತೆಗೆದ ಒಂದು ಚಿತ್ರವಿದೆ. ಗ್ಲೋರಿಯಾ ಎಂಬ ಒಬ್ಬಳೇ ಮಹಿಳೆಯ ಜೊತೆ ರೋಜರ್ಸ್, ಪರ್ಲ್ಸ್, ಮತ್ತೆ ಬೆಕ್ ಹಾಗೆಯೇ ಯೋಚನೆಗಳ ಮೇಲೆ ಕೆಲಸ ಮಾಡುತ್ತಿದ್ದ ಆಲ್ಬರ್ಟ್ ಎಲಿಸ್ ಮೂವರೂ ಸರದಿಯಲ್ಲಿ ಕೂತು ಮಾತಾಡುತ್ತಾರೆ. ರೋಜರ್ಸ್ ಎದುರು ಆಕೆ ನಿಧಾನವಾಗಿ ತೆರೆದುಕೊಳ್ಳುತ್ತಾಳೆ. ಪರ್ಲ್ಸ್ ಮಾತ್ರ 'ಭಯ ಅನ್ನುತ್ತೀ, ನಗುತ್ತಿದ್ದೀಯಲ್ಲ' ಎಂಬರ್ಥದಲ್ಲಿ ನೇರವಾಗಿ ಹಿಡಿದು ನಿಲ್ಲಿಸುತ್ತಾರೆ, ಆಕೆ ಸಿಟ್ಟಾಗುತ್ತಾಳೆ. ಅದನ್ನು ಮೊದಲ ಸಲ ನೋಡಿದಾಗ ಯಾರು ಸರಿ ಎಂಬುದಷ್ಟೇ ನನ್ನ ಪ್ರಶ್ನೆಯಾಗಿತ್ತು. ಬಹಳ ಕಾಲದ ಮೇಲೆ ಮತ್ತೆ ನೋಡಿದೆ. ಒಬ್ಬರ ಎದುರು ಕಾಣಿಸದ ಗ್ಲೋರಿಯಾ ಇನ್ನೊಬ್ಬರ ಎದುರು ಕಾಣಿಸುತ್ತಿದ್ದಳು.

ಪಂಥಗಳ ನಡುವೆ ಜಗಳ ಜೋರಾಗಿಯೇ ಇತ್ತು, ಈಗಲೂ ಪೂರ್ತಿ ಅಡಗಿಲ್ಲ. ಆದರೆ 1936ರಷ್ಟು ಹಿಂದೆಯೇ ಸಾಲ್ ರೋಸೆನ್‌ಜ್ವೈಗ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಮಾತು ಎತ್ತಿದ್ದರು: ಇಷ್ಟು ಬೇರೆಬೇರೆ ವಿಧಾನಗಳಿಂದಲೂ ಜನ ಗುಣವಾಗುತ್ತಿದ್ದಾರೆ ಎಂದರೆ, ಎಲ್ಲದರಲ್ಲೂ ಸಮಾನವಾದದ್ದೇನೋ ಕೆಲಸ ಮಾಡುತ್ತಿರಬೇಕು. ಆ ಸಮಾನ ಅಂಶಗಳ ಹುಡುಕಾಟದಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತದ್ದು ಇಬ್ಬರ ನಡುವಿನ ಸಂಬಂಧ. 1979ರಲ್ಲಿ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬಾರ್ಡಿನ್ ಅದನ್ನು ಮೂರಾಗಿ ಬಿಡಿಸಿದರು. ಎಲ್ಲಿಗೆ ಹೋಗಬೇಕು ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿದೆಯೇ? ಅಲ್ಲಿಗೆ ಹೋಗಲು ಏನು ಮಾಡುತ್ತಿದ್ದೇವೆ ಎಂಬುದರಲ್ಲಿ? ಮೂರನೆಯದಾಗಿ, ಇವರನ್ನು ನಂಬಬಹುದು ಎಂಬ ನಂಟು ಕೂಡಿದೆಯೇ?

ಆಪ್ತಸಮಾಲೋಚಕರು ಒಳ್ಳೆಯವರಾಗಿದ್ದರೆ ಸಾಕು, ನಂಟು ಕೂಡಿದರೆ ಸಾಕು ಎಂದು ತುಂಬ ಜನ ತಿಳಿಯುತ್ತಾರೆ. ನಿದ್ದೆಗೆಂದು ಬಂದವರಿಗೆ ಮೂರು ತಿಂಗಳು ಬಾಲ್ಯದ ಮಾತನ್ನೇ ಆಡಿಸಿದರೆ, ನಂಟು ಎಷ್ಟೇ ಚೆನ್ನಾಗಿದ್ದರೂ ಗುರಿಯ ಒಮ್ಮತ ತಪ್ಪಿದೆ. ಅವರು ದೂರು ಹೇಳುವುದಿಲ್ಲ, ಯಾವುದೋ ಒಂದು ವಾರ ಬರುವುದನ್ನೇ ನಿಲ್ಲಿಸಿಬಿಡುತ್ತಾರೆ.

ಸಮಾನ ಅಂಶವೇ ಎಲ್ಲ ಎಂದು ಹೊರಟರೂ ಕಷ್ಟ. ಗೀಳು ಕಾಯಿಲೆ, ಅಂದರೆ ಒಸಿಡಿ, ಇದಕ್ಕೆ ಒಳ್ಳೆಯ ಉದಾಹರಣೆ. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಇಪ್ಪತ್ತು ಸಲ ನೋಡುವವರಿಗೆ ಕರುಣೆಯಿಂದ "ಹಾಕಿದ್ದೀರಿ ಬಿಡಿ, ಏನೂ ಆಗಲ್ಲ" ಎಂದು ವಾರವಾರವೂ ಧೈರ್ಯ ಹೇಳಿದರೆ, ಆ ಧೈರ್ಯವೇ ಇಪ್ಪತ್ತೊಂದನೆಯ ಸಲ ಬೀಗ ನೋಡಿದಂತಾಗುತ್ತದೆ. ಆತಂಕವನ್ನು ಎದುರಿಗಿಟ್ಟುಕೊಂಡು, ಮತ್ತೆ ಹೋಗಿ ನೋಡುವ ಒತ್ತಡವನ್ನು ತಡೆದು, ಅದು ತಾನಾಗಿ ಇಳಿಯುವುದನ್ನು ಹಂತಹಂತವಾಗಿ ಕಲಿಸುವ ನಿರ್ದಿಷ್ಟ ವಿಧಾನವಿದೆ. ಅದಕ್ಕೆ ಒಳ್ಳೆಯ ಸಂಶೋಧನೆಯ ಬೆಂಬಲವೂ ಇದೆ. ಅದನ್ನು ಕಲಿತಿರಬೇಕು, ಕಲಿತಿಲ್ಲವಾದರೆ ಕಲಿತವರ ಬಳಿ ಕಳಿಸಬೇಕು. 'ನಾನು ಇಂಟಿಗ್ರೇಟಿವ್' ಎಂಬ ಮಾತು ಇಲ್ಲಿ ತಪ್ಪಿಸಿಕೊಳ್ಳುವ ದಾರಿ ಆಗಬಾರದು.

ಸಮನ್ವಯ ಮಾಡುವುದರಲ್ಲೂ ನಾಲ್ಕು ರೀತಿಗಳನ್ನು ಗುರುತಿಸುತ್ತಾರೆ. ಎಲ್ಲದಕ್ಕೂ ಸಮಾನವಾದ ಅಂಶಗಳ ಮೇಲೆ ಕಟ್ಟುವುದು ಒಂದು. ಸಿದ್ಧಾಂತದ ಗೊಡವೆಗೆ ಹೋಗದೆ ಕೆಲಸಕ್ಕೆ ಬರುವ ತಂತ್ರಗಳನ್ನು ಆರಿಸಿಕೊಳ್ಳುವುದು ಮನಶ್ಶಾಸ್ತ್ರಜ್ಞ ಆರ್ನಾಲ್ಡ್ ಲಾಜರಸ್ ಅವರ ದಾರಿ. ಸಿದ್ಧಾಂತಗಳನ್ನೇ ಬೆಸೆಯುವುದು ಇನ್ನೊಂದು. 1977ರಲ್ಲಿ ಪಾಲ್ ವಾಕ್‌ಟೆಲ್ ಫ್ರಾಯ್ಡ್ ಪರಂಪರೆಯ ಮನೋವಿಶ್ಲೇಷಣೆಯನ್ನೂ ವರ್ತನಾ ಚಿಕಿತ್ಸೆಯನ್ನೂ ಹಾಗೆ ಬೆಸೆದರು. ಕೊನೆಯದು, ಒಂದು ಪಂಥದಲ್ಲಿ ಬೇರೂರಿ ನಿಂತು ಬೇಕಾದ್ದನ್ನು ಹೊರಗಿನಿಂದ ತಂದು ಅರಗಿಸಿಕೊಳ್ಳುವುದು. ನನಗೆ ಒಪ್ಪಿಗೆಯಾಗಿರುವುದು ಇದೇ. ಬೇರಿಲ್ಲದೆ ಎಲ್ಲ ಕಡೆ ಕೈಚಾಚಿದರೆ ಕಲಸುಮೇಲೋಗರವಾಗುತ್ತದೆ: ಒಂದು ವಾರ ಉಸಿರಾಟದ ಅಭ್ಯಾಸ, ಮುಂದಿನ ವಾರ ಯಾರೋ ಕೂತಿದ್ದಾರೆಂದು ಭಾವಿಸಿ ಖಾಲಿ ಕುರ್ಚಿಯ ಜೊತೆ ಮಾತು, ಅದರ ಮುಂದಿನ ವಾರ ಯೋಚನೆಗಳ ಪಟ್ಟಿ. ಬಂದವರಿಗೆ ತಲೆಬುಡ ತಿಳಿಯುವುದಿಲ್ಲ.

ಇಷ್ಟನ್ನು ಓದಿ ತಿಳಿಯಬಹುದು. ತರಬೇತಿಯ ಕಷ್ಟದ ಭಾಗ ಓದಿನಲ್ಲಿಲ್ಲ. ಮೂರು ಮೂರು ಜನರ ಗುಂಪಿನಲ್ಲಿ ಒಬ್ಬರು ಸಮಾಲೋಚಕರು, ಒಬ್ಬರು ತಮ್ಮ ನಿಜವಾದ ಒಂದು ಸಣ್ಣ ತೊಂದರೆ ಹೇಳಿಕೊಳ್ಳುವವರು, ಒಬ್ಬರು ನೋಡುವವರು. ಹೀಗೆ ನೂರಾರು ಸಲ. ಆಮೇಲೆ ಅನುಮತಿ ಪಡೆದು ಧ್ವನಿಮುದ್ರಿಸಿದ ಸೆಷನ್ನನ್ನು ಅಕ್ಷರ ಬಿಡದೆ ಬರೆದಿಳಿಸಬೇಕು. ಈ ಪದ್ಧತಿಯ ಹಿಂದೆಯೂ ರೋಜರ್ಸ್ ಇದ್ದಾರೆ. 1942ರಲ್ಲೇ ಅವರು ಒಂದು ಇಡೀ ಚಿಕಿತ್ಸೆಯ ಮಾತುಕತೆಯನ್ನು ಧ್ವನಿಮುದ್ರಣದಿಂದ ಅಕ್ಷರಶಃ ಇಳಿಸಿ ಪ್ರಕಟಿಸಿದ್ದರು. ಅಲ್ಲಿಯವರೆಗೆ ಬಹುಮಟ್ಟಿಗೆ ಮುಚ್ಚಿದ ಬಾಗಿಲ ಹಿಂದೆ ನಡೆದದ್ದನ್ನು ಚಿಕಿತ್ಸಕರು ನೆನಪಿನಿಂದ, ತಮಗೆ ತೋಚಿದಂತೆ ಹೇಳುತ್ತಿದ್ದರು.

ಹೀಗೆ ಬರೆದಿಳಿಸಿದ ನನ್ನ ಮೊದಲ ಸೆಷನ್ನನ್ನು ನಾನು ಮರೆಯಲಾರೆ. ಎದುರಿಗಿದ್ದವರು ತಂದೆ ತೀರಿಹೋದ ರಾತ್ರಿಯ ಮಾತು ಶುರುಮಾಡಿ ಅರ್ಧಕ್ಕೆ ನಿಂತಿದ್ದರು. ನಾನು ತಕ್ಷಣ "ಕಾಲ ಕಳೆದಂತೆ ಎಲ್ಲ ಸರಿಹೋಗುತ್ತೆ" ಅಂದಿದ್ದೆ. ಆಮೇಲೆ ಅವರು ಆಫೀಸಿನ ಮಾತಿಗೆ ಹೊರಳಿದರು, ತಂದೆಯ ಮಾತು ಮತ್ತೆ ಬರಲಿಲ್ಲ. ಸೂಪರ್‌ವೈಸರ್, ಅಂದರೆ ನನ್ನ ಕೆಲಸವನ್ನು ನೋಡಿ ತಿದ್ದುತ್ತಿದ್ದ ಹಿರಿಯ ಸಮಾಲೋಚಕರು, ಆ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಕೇಳಿದರು: "ಆ ಸಮಾಧಾನ ಯಾರಿಗೆ ಬೇಕಿತ್ತು?" ಉತ್ತರ ಗೊತ್ತಿತ್ತು, ಹೇಳಲು ಗಂಟಲು ಕಟ್ಟಿತು. ನನ್ನದೇ ಮನೆಯ ಒಂದು ಸಾವಿನ ಬಗ್ಗೆ ನಾನು ಅತ್ತಿರಲಿಲ್ಲ.

ಹಲವು ತರಬೇತಿಗಳಲ್ಲಿ ಕಲಿಯುವವರೂ ತಾವೇ ಥೆರಪಿಗೆ ಹೋಗಬೇಕು ಎಂಬ ನಿಯಮವಿರುವುದು ಇದಕ್ಕೇ. ಇನ್ನೊಬ್ಬರ ನೋವನ್ನು ತಾಳಲಾರದೆ ಅವರ ಬಾಯಿ ಮುಚ್ಚಿಸುವವರು ಕೆಟ್ಟವರಾಗಿರುವುದಿಲ್ಲ, ತಮ್ಮ ಗಾಯವನ್ನು ತಾವು ಮುಟ್ಟಿ ನೋಡದವರಾಗಿರುತ್ತಾರೆ. ಕ್ಲೈಂಟ್ ಆಗಿ ಕೂತಾಗ ಕಲಿಯುವ ಇನ್ನೊಂದು ಸಂಗತಿಯಿದೆ: ಮೊದಲ ಸಲ ಆ ಬಾಗಿಲು ತಟ್ಟುವಾಗ ಎಷ್ಟು ನಾಚಿಕೆಯಾಗುತ್ತದೆ ಎಂಬುದು.

ಅದರ ಜೊತೆಗೆ ಮೇಲ್ವಿಚಾರಣೆಯಲ್ಲಿ ನಿಜವಾದ ಕ್ಲೈಂಟ್‌ಗಳೊಡನೆ ಕೆಲಸ. ಬ್ರಿಟನ್ನಿನ ವೃತ್ತಿಸಂಸ್ಥೆ ಬಿಎಸಿಪಿಯ ಮಾನದಂಡದಲ್ಲಿ ಕೋರ್ಸಿನ ಭಾಗವಾಗಿ ಕನಿಷ್ಠ 100 ಗಂಟೆ ಹಾಗೆ ಕೆಲಸ ಮಾಡಿರಬೇಕು, ಮಾನ್ಯತೆ ಪಡೆದ ಮೇಲೂ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಸೂಪರ್‌ವಿಷನ್ ತೆಗೆದುಕೊಳ್ಳುತ್ತಿರಬೇಕು. ಇಪ್ಪತ್ತು ವರ್ಷ ಕೆಲಸ ಮಾಡಿದವರಿಗೂ ಇದರಿಂದ ವಿನಾಯಿತಿಯಿಲ್ಲ. ಇಷ್ಟಾಗಿಯೂ ಹಲವು ದೇಶಗಳಲ್ಲಿ 'ಕೌನ್ಸೆಲರ್' ಎಂಬ ಹೆಸರಿಗೆ ಕಾನೂನಿನ ರಕ್ಷಣೆಯಿಲ್ಲ, ಬ್ರಿಟನ್ನಿನಲ್ಲೂ ಇಲ್ಲ. ವಾರಾಂತ್ಯದ ಕೋರ್ಸ್ ಮುಗಿಸಿದವರೂ ಬೋರ್ಡು ಹಾಕಿಕೊಳ್ಳಬಹುದು. ಹಾಗಾಗಿ ಎಲ್ಲಿ ಕಲಿತಿರಿ, ಎಷ್ಟು ಗಂಟೆ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದಿರಿ, ಈಗ ನಿಮ್ಮ ಸೂಪರ್‌ವಿಷನ್ ನಡೆಯುತ್ತಿದೆಯೇ ಎಂದು ಕೇಳುವುದು ಉದ್ಧಟತನವಲ್ಲ. ಸರಿಯಾಗಿ ತರಬೇತಾದವರು ಆ ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸುತ್ತಾರೆ.

ಅನುಭವ ಎಂಬ ಮಾತನ್ನೂ ಸ್ವಲ್ಪ ಒರೆಗೆ ಹಚ್ಚಬೇಕು. 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 170 ಥೆರಪಿಸ್ಟರನ್ನೂ ಅವರ 6,500ಕ್ಕೂ ಹೆಚ್ಚು ಕ್ಲೈಂಟ್‌ಗಳನ್ನೂ ವರ್ಷಗಟ್ಟಲೆ ಗಮನಿಸಿತು. ಅನುಭವ ಹೆಚ್ಚಿದಂತೆ ಫಲಿತಾಂಶ ಸುಧಾರಿಸಲಿಲ್ಲ, ಸರಾಸರಿಯಲ್ಲಿ ಒಂದಿಷ್ಟು ಕುಸಿಯಿತು. ಕುಸಿತ ತೀರಾ ಸಣ್ಣದು, ಸುಧಾರಿಸಿದವರೂ ಅವರಲ್ಲಿದ್ದರು. ಆದರೂ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ನಮ್ಮ ಕೆಲಸದಲ್ಲಿ ತಪ್ಪಾದರೆ ಸದ್ದಾಗುವುದಿಲ್ಲ. ಬಡಗಿ ತಪ್ಪಿ ಕೊಯ್ದರೆ ಹಲಗೆ ಕೂಡುವುದಿಲ್ಲ, ಆಗಲೇ ಗೊತ್ತಾಗುತ್ತದೆ. ಇಲ್ಲಿ ಜನ "ತುಂಬ ಥ್ಯಾಂಕ್ಸ್" ಎಂದು ಹೇಳಿ ಮತ್ತೆ ಬಾರದೆ ಉಳಿಯುತ್ತಾರೆ. ಅಂದಿನಿಂದ ಪ್ರತಿ ಸೆಷನ್ನಿನ ಕೊನೆಯ ಐದು ನಿಮಿಷ ಬಿಟ್ಟುಕೊಂಡು ಕೇಳುತ್ತೇನೆ: ಇವತ್ತು ಯಾವುದು ಉಪಯೋಗಕ್ಕೆ ಬಂತು, ಯಾವುದು ಬರಲಿಲ್ಲ? ಖಿನ್ನತೆ ಇದ್ದವರಿಗೆ ಕೆಲವು ವಾರಕ್ಕೊಮ್ಮೆ ಪಿಎಚ್‌ಕ್ಯು-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ ಕೊಡುತ್ತೇನೆ. ಒಟ್ಟು ಅಂಕ 0ಯಿಂದ 27. ಒಂಬತ್ತನೆಯ ಪ್ರಶ್ನೆ ಸಾವಿನ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಏನೇ ಇದ್ದರೂ ಉಳಿದ ಮಾತೆಲ್ಲ ಪಕ್ಕಕ್ಕೆ, ಮೊದಲು ಅದರ ಬಗ್ಗೆ ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಸುಳ್ಳು. ಎಷ್ಟೋ ಜನರಿಗೆ ಕೊನೆಗೂ ಒಬ್ಬರು ಕೇಳಿದರಲ್ಲ ಎಂದು ಉಸಿರು ಬಂದಂತಾಗುತ್ತದೆ.

ಆಪ್ತಸಮಾಲೋಚಕರು ಔಷಧಿ ಬರೆಯುವುದಿಲ್ಲ. ಎದೆ ಡವಡವ, ನಿದ್ದೆಗೇಡು ಥೈರಾಯ್ಡಿನಿಂದಲೂ ಬರಬಹುದು, ಹಾಗಾಗಿ ವೈದ್ಯರನ್ನು ಕಂಡಿದ್ದೀರಾ ಎಂದು ಮೊದಲ ಭೇಟಿಯಲ್ಲೇ ಕೇಳುತ್ತೇನೆ. ಮನೋವೈದ್ಯರು ಬೇಕಾದಾಗ ಕಳಿಸುವುದೂ ಚಿಕಿತ್ಸೆಯ ಭಾಗವೇ. ಹೇಳಿದ್ದು ಗುಟ್ಟಾಗಿ ಉಳಿಯುತ್ತದೆ, ಆದರೆ ಯಾರದಾದರೂ ಜೀವಕ್ಕೆ ಅಪಾಯವಿದ್ದಾಗ ಆ ಗುಟ್ಟಿಗೆ ಮಿತಿಯಿದೆ ಎಂಬುದನ್ನೂ ಮೊದಲ ದಿನವೇ ಹೇಳಿಬಿಡಬೇಕು.

ಮತ್ತೆ ನಮ್ಮ ಮಹಿಳೆಯ ಬಳಿಗೆ ಬರೋಣ. ಎರಡನೆಯ ಭೇಟಿಯಲ್ಲಿ ನಾವಿಬ್ಬರೂ ಒಂದು ಹಾಳೆಯ ಮೇಲೆ ನಕ್ಷೆ ಬರೆದಿದ್ದೆವು. ಯಾವಾಗ ಶುರುವಾಯಿತು: ಕೆಲಸದಲ್ಲಿ ಬಡ್ತಿ ಸಿಕ್ಕ ಮೇಲೆ. ಯಾವುದರಿಂದ ಮುಂದುವರಿಯುತ್ತಿದೆ: ರಾತ್ರಿ ಹತ್ತಕ್ಕೇ ಮಲಗಿ ನಿದ್ದೆಗೆ ಕಾಯುವುದು, ಗಳಿಗೆಗೊಮ್ಮೆ ಗಡಿಯಾರ ನೋಡುವುದು, ನಾಳೆ ಹೇಗಪ್ಪಾ ಎಂಬ ಲೆಕ್ಕ, ಹಗಲು ಸಿಕ್ಕಲ್ಲಿ ತೂಕಡಿಕೆ. ಹಳೆಯ ಬೇರು ಎಲ್ಲಿದೆ: 'ಇವಳಿಂದ ಒಂದು ದಿನವೂ ತೊಂದರೆಯಿಲ್ಲ' ಎಂದು ಚಿಕ್ಕಂದಿನಿಂದ ಹೊಗಳಿಸಿಕೊಂಡದ್ದು. ಆಸರೆ ಏನಿದೆ: ಒಬ್ಬ ತಂಗಿ, ನಡೆಯುವ ಅಭ್ಯಾಸ, ಹಾಡು.

ಮೊದಲು ಸಿಬಿಟಿಯ ಬಾಗಿಲಿನಿಂದಲೇ ಹೋದೆವು. ದಿನವೂ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬಂದಾಗಷ್ಟೇ ಹಾಸಿಗೆಗೆ ಹೋಗುವುದು, ಬಾರದಿದ್ದರೆ ಎದ್ದು ಹೊರಗೆ ಕೂರುವುದು. ನಿದ್ದೆಗೆಟ್ಟ ಜೀವವನ್ನು ಬಾಲ್ಯದ ಬಾವಿಗೆ ಇಳಿಸುವುದು ನನಗೆ ಸರಿಕಾಣಲಿಲ್ಲ. ಮಾನಸಿಕ ಆಘಾತಕ್ಕೆ ಒಳಗಾದವರ ಚಿಕಿತ್ಸೆಯ ಬಗ್ಗೆ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ಬರೆದಾಗಲೂ ಮೊದಲ ಹಂತವಾಗಿ ಇಟ್ಟದ್ದು ಸುರಕ್ಷತೆಯನ್ನೇ. ಈ ಮಹಿಳೆಯದು ಅಂಥ ಆಘಾತವಲ್ಲ, ಆದರೆ ಮೊದಲು ನೆಲ ಗಟ್ಟಿಯಾಗಲಿ ಎಂಬ ಕ್ರಮ ಇಲ್ಲಿಗೂ ಸಲ್ಲುತ್ತದೆ. ಮೂರನೆಯ ವಾರಕ್ಕೆ ನಾಲ್ಕೈದು ಗಂಟೆ ನಿದ್ದೆ ಕೂಡಿಬಂತು. ನಾಲ್ಕನೆಯ ವಾರ ಆ ಮಾತು ಬಂತು.

ಆಧಾರ ಕೇಳುವ ಬಾಗಿಲನ್ನು ನಾನು ಮುಟ್ಟಲಿಲ್ಲ. ಆ ಹೊತ್ತಿಗೆ ಅದು ಅವರನ್ನು ಪಾಟೀಸವಾಲಿಗೆ ನಿಲ್ಲಿಸಿದಂತೆ ಆಗುತ್ತಿತ್ತು. ಬಾಲ್ಯದ ಪ್ರಶ್ನೆಯೂ ಬೇಡವೆನಿಸಿತು, ಇಲ್ಲಿ ನಡೆಯುತ್ತಿರುವುದರಿಂದ ಇಬ್ಬರೂ ನುಣುಚಿಕೊಂಡಂತಾಗುತ್ತದೆ. ನನ್ನೊಳಗೆ ನೋಡಿಕೊಂಡೆ. ನಿಜ, ಅವರು ಆಫೀಸಿನ ಲೆಕ್ಕಪತ್ರದ ವಿವರ ಹೇಳುವಾಗ ನನ್ನ ಗಮನ ಸ್ವಲ್ಪ ಸಡಿಲವಾಗಿತ್ತು. ಅವರು ತಮ್ಮ ಬಗ್ಗೆ ಹೇಳುವುದನ್ನು ಬಿಟ್ಟು ವಿವರಗಳ ಹಿಂದೆ ಅಡಗಿದ ಗಳಿಗೆ ಅದು.

"ಬೇಜಾರಾಗಿಲ್ಲ. ಆದರೆ ಸ್ವಲ್ಪ ಹೊತ್ತು ನೀವು ನನ್ನಿಂದ ದೂರ ಹೋದ ಹಾಗೆ ಅನ್ನಿಸ್ತು. ಅದು ನಿಮಗೂ ಗೊತ್ತಾಯ್ತೇನೋ."

ಜಿಪ್ಪಿನ ಸದ್ದು ನಿಂತಿತು. ನಾನು ಮಾತಾಡಲಿಲ್ಲ. ಗಡಿಯಾರದ ಸೆಕೆಂಡಿನ ಮುಳ್ಳು ಅರ್ಧ ಸುತ್ತು ಬಂದಿರಬೇಕು.

"ಇಲ್ಲೂ ಒಳ್ಳೆಯವಳಾಗಿ ಕೂರೋಕೆ ನೋಡ್ತಿದ್ದೀನಿ," ಅಂದರು. ಆಮೇಲೆ ಬಡ್ತಿ ತಮಗೆ ಬೇಡವಾಗಿತ್ತು ಎಂಬುದನ್ನು ಹೇಳಿದರು. ಬೇಡ ಅನ್ನಲು ಬಾಯಿ ಬಂದಿರಲಿಲ್ಲ. ಉಳಿದ ಹದಿನೈದು ನಿಮಿಷ ಲೆಕ್ಕಪತ್ರದ ಸುದ್ದಿ ಬರಲಿಲ್ಲ.

ಹೊರಡುವಾಗ ಬಾಗಿಲ ಹತ್ತಿರ ನಿಂತು, "ಮುಂದಿನ ವಾರ ಬೆಳಿಗ್ಗೆ ಬದಲು ಸಂಜೆ ಬರಬಹುದಾ? ಬೆಳಿಗ್ಗೆ ನನಗೆ ಕಷ್ಟ ಆಗ್ತಿದೆ, ಮೊದಲ ವಾರದಿಂದಲೂ" ಎಂದು ಕೇಳಿದರು. ಡೈರಿ ತೆಗೆದು ಗುರುವಾರ ಸಂಜೆ ಐದೂವರೆಗೆ ಬರೆದುಕೊಂಡೆ.